ಒಂದು ಹಾಡು, ಹಲವು ಕೊರಳು

ಹಳಗನ್ನಡದ ಪಾಠ ಹೇಳುವ ಮೇಷ್ಟರಿಗೆ ಹೆವಿ ಮೆಟಲ್ ಸಂಗೀತದ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಕೇಳಿದರೆ ತಪ್ಪೇನೂ ಇಲ್ಲ. ನನ್ನ ಸಹೋದ್ಯೋಗಿಗಳೂ ಕೇಳಿದ್ದಾರೆ. ಮನೆಯಲ್ಲಂತೂ ಆ ಗದ್ದಲವನ್ನು ತಾಳಲಾರದೆ ಕೇಳಿದ್ದಾರೆ. ನನ್ನ ಉತ್ತರ ಇಷ್ಟೆ: ಒಂದು ಕೃತಿಯ ಮೂಲ ಯಾವುದು, ಪಾಠಾಂತರ ಯಾವುದು, ಮೂಲವೆಂದ ಮಾತ್ರಕ್ಕೆ ಅದೇ ಶ್ರೇಷ್ಠವೆ ಎಂಬ ಪ್ರಶ್ನೆ ನನಗೆ ಮೊದಲು ಎದುರಾದದ್ದು ಓಲೆಗರಿಗಳಲ್ಲಿ ಅಲ್ಲ, ಒಂದು ಕ್ಯಾಸೆಟ್ಟಿನಲ್ಲಿ.

1990ರ ದಶಕದ ಕೊನೆಯಲ್ಲಿ ನಾನು ವಿದ್ಯಾರ್ಥಿನಿಲಯದಲ್ಲಿದ್ದೆ. ಕೋಣೆಯ ಗೆಳೆಯನ ಬಳಿ ಯಾರೋ ನಕಲು ಮಾಡಿಕೊಟ್ಟ ಒಂದು ಕ್ಯಾಸೆಟ್ಟಿತ್ತು. ಅದರ ಮೇಲೆ ಪೆನ್ನಿನಲ್ಲಿ ‘ಸ್ಯಾಬತ್’ ಎಂದಷ್ಟೇ ಬರೆದಿತ್ತು. ಹಾಡುಗಾರನ ಹೆಸರಿಲ್ಲ, ವರ್ಷವಿಲ್ಲ. ಅದರಲ್ಲಿದ್ದ ‘ವಾರ್ ಪಿಗ್ಸ್’ ಎಂಬ ಹಾಡನ್ನು ಎರಡು ವರ್ಷ ಕೇಳಿದೆ. ತುಂಬಿದ ಕಂಠ, ಅಲೆಯಲೆಯಾಗಿ ಏರುವ ಸ್ವರ, ಹಿಂದೆ ಜನಸಮೂಹದ ಮೊರೆತ. ಆಮೇಲೆ ಬೆಂಗಳೂರಿನ ಗೆಳೆಯನೊಬ್ಬ ಅದೇ ಹಾಡಿನ ‘ಅಸಲಿ’ ಪ್ರತಿಯನ್ನು ತಂದು ಕೇಳಿಸಿದಾಗ ನನಗೆ ಅದೇ ನಕಲಿ ಎನಿಸಿತು. ತೆಳ್ಳಗಿನ ಕೀರಲು ದನಿ, ಅಲಂಕಾರವಿಲ್ಲ, ಬೀದಿಯಲ್ಲಿ ನಿಂತು ಕೂಗಿ ಹೇಳಿದಂತೆ ಇತ್ತು. ವಿಚಾರಿಸಲಾಗಿ ತಿಳಿದದ್ದು: ಗೆಳೆಯ ತಂದದ್ದು 1970ರಲ್ಲಿ ಆಜಿ ಆಸ್ಬಾರ್ನ್ ಹಾಡಿದ ಮೂಲ; ನಾನು ಎರಡು ವರ್ಷ ಮೆಚ್ಚಿ ಕೇಳಿದ್ದು 1982ರಲ್ಲಿ ಅದೇ ತಂಡದೊಡನೆ ರಾನಿ ಜೇಮ್ಸ್ ಡಿಯೊ ಎಂಬುವರು ವೇದಿಕೆಯ ಮೇಲೆ ಹಾಡಿದ್ದು.

ಮುಂದೆ ಎಂ.ಎ. ತರಗತಿಯಲ್ಲಿ ಗ್ರಂಥಸಂಪಾದನಶಾಸ್ತ್ರ ಓದಿದೆ. ಕವಿಯ ಕೈಗೆ ಹತ್ತಿರವಾದ ಪಾಠವೇ ಪ್ರಮಾಣ, ನಂತರದವರು ಸೇರಿಸಿದ್ದು ಪ್ರಕ್ಷೇಪ ಎಂಬ ಸೂತ್ರವನ್ನು ಬಾಯಿಪಾಠ ಮಾಡಿದೆ. ಆ ಸೂತ್ರದಂತೆ ನನ್ನ ಪ್ರೀತಿಯ ಹಾಡು ಪ್ರಕ್ಷೇಪವೇ ಸರಿ. ಬುದ್ಧಿ ಒಪ್ಪಿತು, ಕಿವಿ ಒಪ್ಪಲಿಲ್ಲ. 2025ರ ಜುಲೈ 22ರಂದು ಆಜಿ ಆಸ್ಬಾರ್ನ್ ತೀರಿಕೊಂಡ ಸುದ್ದಿ ಓದಿದ ದಿನ ಆ ಹಳೆಯ ವ್ಯಾಜ್ಯವನ್ನು ಇನ್ನಾದರೂ ಇತ್ಯರ್ಥ ಮಾಡಿಕೊಳ್ಳಬೇಕೆಂದು ಎಲ್ಲ ಪ್ರತಿಗಳನ್ನೂ ಎದುರಿಗಿಟ್ಟುಕೊಂಡು ಕುಳಿತೆ. ಈ ಲೇಖನ ಅದರ ಫಲ.

ಮೊದಲು ಹಾಡಿನ ವಿಷಯ ನಾಲ್ಕು ಮಾತು. ಬ್ಲ್ಯಾಕ್ ಸ್ಯಾಬತ್ ಎಂಬುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪಟ್ಟಣದ ಕಾರ್ಮಿಕರ ಕೇರಿಗಳಿಂದ ಬಂದ ನಾಲ್ವರ ತಂಡ. ಗಿಟಾರಿಗೆ ಟೋನಿ ಅಯೋಮಿ, ಬಾಸ್ ಗಿಟಾರಿಗೂ ಬಹುಪಾಲು ಸಾಹಿತ್ಯರಚನೆಗೂ ಗೀಜರ್ ಬಟ್ಲರ್, ಡ್ರಮ್ಮಿಗೆ ಬಿಲ್ ವಾರ್ಡ್, ಹಾಡಿಗೆ ಆಜಿ. ಅಯೋಮಿಯವರು ಹದಿನೇಳನೆಯ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಾಗ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಎಡಚರಾದ ಅವರಿಗೆ ತಂತಿ ಒತ್ತುವ ಕೈ ಅದೇ. ಪ್ಲಾಸ್ಟಿಕ್ ಸೀಸೆಯನ್ನು ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡರು. ತೆಳುವಾದ ತಂತಿ ಕಟ್ಟಿದರು. ಕೆಲವು ಕಾಲದ ಮೇಲೆ ಶ್ರುತಿಯನ್ನೂ ಇಳಿಸಿ ತಂತಿಯನ್ನು ಸಡಿಲಗೊಳಿಸಿದರು. ಹೆವಿ ಮೆಟಲ್ ಎಂದು ಲೋಕ ಕರೆದ ಆ ಭಾರದ ನಾದಕ್ಕೆ ಇದೂ ಒಂದು ಕಾರಣ.

‘ವಾರ್ ಪಿಗ್ಸ್’ ಅವರ ಎರಡನೆಯ ಆಲ್ಬಮ್ ‘ಪ್ಯಾರನಾಯ್ಡ್’ನ ಮೊದಲ ಹಾಡು. ವಿಯೆಟ್ನಾಂ ಯುದ್ಧದ ಕಾಲ. ಯುದ್ಧ ಹೂಡುವ ದೊಡ್ಡವರು ಮನೆಯಲ್ಲೇ ಕುಳಿತಿರುತ್ತಾರೆ, ಸಾಯುವವರು ಬಡವರ ಮಕ್ಕಳು. ಕಡೆಗೊಂದು ದಿನ ಆ ದೊಡ್ಡವರು ಮೊಣಕಾಲೂರಿ ಲೆಕ್ಕ ಒಪ್ಪಿಸಬೇಕಾಗುತ್ತದೆ ಎಂಬುದು ಅದರ ತಾತ್ಪರ್ಯ. ವಾಯುದಾಳಿಯ ಎಚ್ಚರಿಕೆ ಕೊಡುವ ಸೈರನ್ ಮೊಳಗಿ ಹಾಡು ಮೊದಲಾಗುತ್ತದೆ. ಅದರ ಕಟ್ಟಡದಲ್ಲಿ ಒಂದು ವಿಶೇಷ ಉಂಟು. ಗಿಟಾರು ಎರಡು ಏಟು ಹೊಡೆದು ಸುಮ್ಮನಾಗುತ್ತದೆ. ತಾಳದ ಸಣ್ಣ ಸದ್ದೊಂದು ಉಳಿಯುತ್ತದೆ. ಆ ಬರಿದಾದ ಜಾಗದಲ್ಲಿ ಕೊರಳೊಂದೇ ಒಂದು ಸಾಲು ಹೇಳುತ್ತದೆ. ಮತ್ತೆ ಎರಡು ಏಟು. ಹಾಡಿನ ಬಹುಭಾಗ ಹೀಗೆ ಖಾಲಿ ಜಾಗಗಳಿಂದಲೇ ಕಟ್ಟಿದ್ದು. ಈ ಖಾಲಿ ಜಾಗವನ್ನು ವಾಚಕರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಇನ್ನು ‘ಮೂಲ’ದ ಮಾತು. 1970ರ ಆಲ್ಬಮ್ಮೇ ಮೂಲವೆಂದು ನಾವು ಅಂದುಕೊಂಡಿದ್ದೇವಷ್ಟೆ? ಅದಕ್ಕೂ ಹಿಂದೆ ತಂಡದವರು ಇದೇ ಹಾಡನ್ನು ‘ವಾಲ್‌ಪರ್ಗಿಸ್’ ಎಂಬ ಹೆಸರಿನಲ್ಲಿ ಬೇರೆ ಸಾಹಿತ್ಯದೊಡನೆ ಹಾಡುತ್ತಿದ್ದರು. ಅದರಲ್ಲಿ ಸೇನಾಪತಿಗಳಿಗಿಂತ ಮಾಟಗಾತಿಯರ ಕೂಟದ ಚಿತ್ರವೇ ಮುಂದು. ಆ ಹಳೆಯ ಪಾಠವೂ 1997ರಲ್ಲಿ ‘ದಿ ಆಸ್‌ಮನ್ ಕಮೆತ್’ ಎಂಬ ಸಂಕಲನದಲ್ಲಿ ಹೊರಬಂತು. ಕೇಳಿದರೆ ಯಾರಿಗೂ ಸಂದೇಹ ಉಳಿಯದು: ಹಳೆಯದು ಕಚ್ಚಾ, ಹೊಸದು ಪಕ್ವ. ಮಾಟಗಾತಿಯರು ಉಪಮಾನವಾಗಿ ಹಿಂದೆ ಸರಿದು ಸೇನಾಪತಿಗಳು ಎದುರಿಗೆ ಬಂದಾಗಲೇ ಹಾಡಿಗೆ ಪ್ರಾಣ ಬಂದದ್ದು. ಹಾಗಾದರೆ ಹಿಂದಿನದೇ ಪ್ರಮಾಣವೆಂಬ ನನ್ನ ಸೂತ್ರ ಇಲ್ಲಿ ಮೊದಲ ಹೆಜ್ಜೆಯಲ್ಲೇ ಮುಗ್ಗರಿಸಿತು. ನಾವು ಮೂಲವೆನ್ನುವ ಧ್ವನಿಮುದ್ರಿಕೆಯೇ ಒಂದು ಪಾಠಾಂತರ.

ಇನ್ನು 1982ಕ್ಕೆ ಬರೋಣ. ಆಜಿಯವರನ್ನು ತಂಡದಿಂದ ಹೊರಗೆ ಹಾಕಿ ಆಗಲೇ ಮೂರು ವರ್ಷವಾಗಿತ್ತು. ಸ್ಯಾಬತ್ ತಂಡ ಡಿಯೊ ಅವರೊಡನೆ ಆ ವರ್ಷದ ಕಛೇರಿಗಳನ್ನು ಮುದ್ರಿಸಿ ‘ಲೈವ್ ಈವಿಲ್’ ಎಂಬ ಆಲ್ಬಮ್ ಸಿದ್ಧಪಡಿಸಿತು. ಅದೇ ಸಮಯಕ್ಕೆ ಆಜಿ ನ್ಯೂಯಾರ್ಕಿನ ರಿಟ್ಜ್ ಸಭಾಂಗಣದಲ್ಲಿ ಸ್ಯಾಬತ್ತಿನ ಹಳೆಯ ಹಾಡುಗಳನ್ನೇ ಹಾಡಿ ‘ಸ್ಪೀಕ್ ಆಫ್ ದಿ ಡೆವಿಲ್’ ಎಂದು ಹೊರತಂದರು. ಅವರ ಗಿಟಾರುವಾದಕ ರ‍್ಯಾಂಡಿ ರೋಡ್ಸ್ ಅದೇ ಮಾರ್ಚಿಯಲ್ಲಿ ವಿಮಾನಾಪಘಾತದಲ್ಲಿ ತೀರಿಹೋಗಿದ್ದರಿಂದ ಗಿಟಾರಿಗೆ ಬ್ರ್ಯಾಡ್ ಗಿಲಿಸ್ ಎಂಬ ಹೊಸಬರು ಬಂದಿದ್ದರು. ಎರಡು ಆಲ್ಬಮ್ಮುಗಳಲ್ಲೂ ಆರು ಹಾಡುಗಳು ಸಮಾನ. ಒಂದರಲ್ಲಿ ಮೂಲದ ಕೈಯುಂಟು, ಕೊರಳಿಲ್ಲ. ಇನ್ನೊಂದರಲ್ಲಿ ಕೊರಳುಂಟು, ಕೈಯಿಲ್ಲ. ಯಾವುದು ಅಸಲಿ, ಯಾವುದು ಅನ್ಯರ ಹಾಡನ್ನು ಎತ್ತಿ ಹಾಡಿದ ‘ಕವರ್’? ವಿಮರ್ಶಕನಿಗೆ ಇಂಥ ಪರೀಕ್ಷೆ ಬೇಕೆಂದರೂ ಸಿಕ್ಕುವುದಿಲ್ಲ.

ಗಿಲಿಸ್ ಅವರದು ಬಲು ಚುರುಕಾದ ಕೈ. ಗಿಟಾರಿನ ಸನ್ನೆಯನ್ನು ಅದುಮಿ ಸ್ವರವನ್ನು ಚೀರಿಸುವುದು, ಜಾರಿಸುವುದು ಅವರಿಗೆ ನೀರು ಕುಡಿದಷ್ಟು ಸುಲಭ. ಆದರೆ ‘ವಾರ್ ಪಿಗ್ಸ್’ನ ಖಾಲಿ ಜಾಗ ಕಂಡಲ್ಲೆಲ್ಲ ಒಂದು ಕುಚ್ಚು ತಂದು ತೂಗುಹಾಕುತ್ತಾರೆ. ಅಯೋಮಿ ಸುಮ್ಮನಿದ್ದ ಕಡೆ ಇವರಿಗೆ ಸುಮ್ಮನಿರಲಾಗುವುದಿಲ್ಲ. ಕೈಗೆ ನೋವಿದ್ದವನು ಒಂದೊಂದು ಸ್ವರವನ್ನೂ ಲೆಕ್ಕವಿಟ್ಟು ಖರ್ಚು ಮಾಡಿದ. ಕೈ ನೆಟ್ಟಗಿದ್ದವನು ಧಾರಾಳವಾಗಿ ಚೆಲ್ಲಿದ. ಹಾಗೆಂದು ಈ ಆಲ್ಬಮ್ಮನ್ನು ತಳ್ಳಿಹಾಕುವಂತೆಯೂ ಇಲ್ಲ. ಆಜಿಯ ಕೊರಳಿನಲ್ಲಿ ಒಂದು ಬಗೆಯ ಹಠವಿದೆ. ಮನೆಯಿಂದ ಹೊರಹಾಕಿದವನು ಆ ಮನೆಯ ಬಾಗಿಲಿಗೇ ಬಂದು ತನ್ನ ಪಾತ್ರೆಪದಾರ್ಥ ಕೇಳುವ ಹಠ.

ಡಿಯೊ ಅವರದು ಬೇರೆಯೇ ಮಾತು. ಅವರು ನಿಜವಾದ ಗಾಯಕರು. ಆಜಿ ಹಲವು ಕಡೆ ಗಿಟಾರಿನ ನುಡಿಯನ್ನೇ ಹಿಡಿದು ಅದರ ಹಿಂದೆಯೇ ಹಾಡಿಕೊಂಡು ಹೋದರೆ, ಡಿಯೊ ಅದಕ್ಕೆ ಅಡ್ಡಲಾಗಿ ತಮ್ಮದೇ ದಾರಿ ಹಿಡಿದು ಏರುತ್ತಾರೆ. ನಾನು ವಿದ್ಯಾರ್ಥಿಯಾಗಿ ಮನಸೋತದ್ದು ಆ ಏರುವಿಕೆಗೆ. ಇಂದು ಮತ್ತೆ ಕೇಳಿದಾಗ ಅಲ್ಲೇ ನನಗೆ ತೊಡಕು ಕಾಣಿಸಿತು. ಆ ಹಾಡನ್ನು ಹೇಳುವವನು ಯಾರು? ಯುದ್ಧಕ್ಕೆ ಹೋಗಿ ಸಾಯಬೇಕಾದವರ ಪೈಕಿ ಒಬ್ಬ. ಅವನ ದನಿ ಸಿಂಹಾಸನದ ಮೇಲಿನಿಂದ ಬರಲಾರದು. ಡಿಯೊ ಹಾಡಿದಾಗ ಶಾಪ ಹಾಕುವವನೂ ಒಬ್ಬ ರಾಜನೇ ಆಗಿಬಿಡುತ್ತಾನೆ. ಆಜಿಯ ಕೀರಲು ದನಿಯಲ್ಲಿ ಬಡವನ ಕೋಪವಿತ್ತು. ಅದು ಕಲೆಯ ಕೊರತೆಯೆಂದು ನಾನು ಎಣಿಸಿದ್ದೆ, ಅದೇ ಔಚಿತ್ಯವಾಗಿತ್ತು.

ಆದರೆ ಅದೇ ‘ಲೈವ್ ಈವಿಲ್’ನಲ್ಲಿ ‘ಎನ್.ಐ.ಬಿ.’ ಎಂಬ ಹಾಡನ್ನು ಕೇಳಬೇಕು. ಅಲ್ಲಿ ಮಾತಾಡುವವನು ಸ್ವರ್ಗದಿಂದ ಬಿದ್ದ ಲೂಸಿಫರ್. ಹೆಣ್ಣೊಬ್ಬಳಲ್ಲಿ ಅನುರಕ್ತನಾಗಿ ಸೂರ್ಯಚಂದ್ರರನ್ನೇ ತಂದುಕೊಡುವೆನೆನ್ನುವವನು. ಆ ಗತ್ತಿಗೆ ಡಿಯೊ ಕಂಠ ಹೇಳಿ ಮಾಡಿಸಿದಂತಿದೆ. ಇಲ್ಲಿ ಆಜಿಯ ಮೂಲಕ್ಕಿಂತ ಇವರದೇ ಮೇಲೆಂದು ಹೇಳಲು ನನಗೆ ಸಂಕೋಚವಿಲ್ಲ. ಒಂದೇ ಗಾಯಕ, ಒಂದೇ ತಂಡ, ಒಂದೇ ಆಲ್ಬಮ್. ಒಂದು ಹಾಡಿನಲ್ಲಿ ಗುಣವಾದದ್ದು ಇನ್ನೊಂದರಲ್ಲಿ ದೋಷವಾಯಿತು. ಗುಣದೋಷಗಳು ಸ್ಥಾನದಿಂದ ಹುಟ್ಟುತ್ತವೆ ಎಂದು ನಮ್ಮ ಲಾಕ್ಷಣಿಕರು ಹೇಳಿದ್ದು ಸುಮ್ಮನೆ ಅಲ್ಲ.

ಇದುವರೆಗೆ ಹೇಳಿದ್ದು ಮನೆಯವರ ಜಗಳ. ಹೊರಗಿನವರು ಎತ್ತಿಕೊಂಡಾಗ ಏನಾಯಿತು? ಅಮೆರಿಕದ ಫೇತ್ ನೋ ಮೋರ್ ತಂಡ 1989ರಲ್ಲಿ ‘ವಾರ್ ಪಿಗ್ಸ್’ ಹಾಡಿತು. ಗಾಯಕ ಮೈಕ್ ಪ್ಯಾಟನ್ ಅಸಾಧಾರಣ ಶಕ್ತಿಯುಳ್ಳವರು. ಆದರೂ ಮೂಲದ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟ ಈ ಪಾಠ ನನಗೆ ತರಗತಿಯಲ್ಲಿ ಒಂದಕ್ಷರ ತಪ್ಪದೆ ಪದ್ಯ ಒಪ್ಪಿಸುವ ಜಾಣ ಹುಡುಗನನ್ನು ನೆನಪಿಗೆ ತರುತ್ತದೆ. ಭೇಷ್ ಎನ್ನುತ್ತೇವೆ, ಮನೆಗೆ ಹೋಗಿ ಮೂಲವನ್ನೇ ಓದುತ್ತೇವೆ.

ಸ್ವೀಡನ್ನಿನ ಕಾರ್ಡಿಗನ್ಸ್ ತಂಡ ಇದಕ್ಕೆ ತದ್ವಿರುದ್ಧ. ‘ಐರನ್ ಮ್ಯಾನ್’ ಎಂಬುದು ಲೋಕದ ನಾಶವನ್ನು ಮುಂಗಂಡು ಎಚ್ಚರಿಸಲು ಬಂದು, ಉಕ್ಕಾಗಿ ಮಾರ್ಪಟ್ಟು, ಯಾರೂ ತಿರುಗಿನೋಡದಿದ್ದಾಗ ಹಗೆ ತೀರಿಸಿಕೊಳ್ಳುವ ಮನುಷ್ಯನ ಕಥೆ. ಮೂಲದಲ್ಲಿ ಅದು ನೆಲ ನಡುಗಿಸುತ್ತ ನಡೆಯುತ್ತದೆ. 1996ರಲ್ಲಿ ಕಾರ್ಡಿಗನ್ಸಿನ ನೀನಾ ಪೆರ್ಸಾನ್ ಅದನ್ನು ಮಗುವನ್ನು ಮಲಗಿಸುವಷ್ಟು ಮೃದುವಾಗಿ ಹಾಡಿದರು. ಮೊದಲು ಇದು ಅಣಕವೆಂದು ನಾನು ಸಿಟ್ಟಾದೆ. ನಾಲ್ಕು ಬಾರಿ ಕೇಳಿದ ಮೇಲೆ ಒಂದು ಸತ್ಯ ಹೊಳೆಯಿತು: ಆ ಉಕ್ಕಿನ ಮನುಷ್ಯ ಭಯಂಕರನಾಗುವ ಮೊದಲು ಒಂಟಿಯಾಗಿದ್ದ. ಗದ್ದಲದಲ್ಲಿ ಅಡಗಿದ್ದ ಆ ಒಂಟಿತನ ಇಲ್ಲಿ ಮೇಲೆ ಬಂದಿದೆ. ಆದರೂ ಇದು ಅರ್ಧ ಗೆಲವು. ತುಟಿಯ ಅಂಚಿನಲ್ಲಿ ಒಂದು ನಗು ಉಳಿದೇ ಇದೆ. ಹಾಡಿನ ಬೆದರಿಕೆಗೆ ಹೆದರದವರು ಅದರ ದುಃಖವನ್ನೂ ಪೂರ್ತಿ ನಂಬಲಾರರು.

ಪೂರ್ತಿ ನಂಬಿದವರನ್ನು ನೋಡಬೇಕಾದರೆ ‘ಚೇಂಜಸ್’ ಎಂಬ ಹಾಡಿಗೆ ಹೋಗಬೇಕು. ಇದು 1972ರದು. ಹೆವಿ ಮೆಟಲ್ ತಂಡದ್ದಾದರೂ ಇದರಲ್ಲಿ ಗಿಟಾರಿನ ಅಬ್ಬರವಿಲ್ಲ, ಪಿಯಾನೋ ಉಂಟು. ಡ್ರಮ್ ವಾದಕ ಬಿಲ್ ವಾರ್ಡರ ದಾಂಪತ್ಯ ಮುರಿದ ಸಂಕಟ ಅದರ ಹಿಂದಿನದು. ಆಜಿ ಅದನ್ನು ಸರಳವಾಗಿ, ಸ್ವಲ್ಪ ಸಪ್ಪೆಯಾಗಿಯೇ ಹಾಡಿದ್ದಾರೆ. 2003ರಲ್ಲಿ ಅವರೇ ಮಗಳು ಕೆಲ್ಲಿಯೊಡನೆ ಮಾತುಗಳನ್ನು ತಂದೆಮಗಳ ಸಂವಾದವಾಗಿ ತಿದ್ದಿ ಹಾಡಿದರು. ಇಂಗ್ಲೆಂಡಿನಲ್ಲಿ ಅದು ಮೊದಲ ಸ್ಥಾನಕ್ಕೇರಿತು. ನನಗೆ ಅದು ಮದುವೆಮನೆಯ ಛಾಯಾಚಿತ್ರದ ಹಾಗೆ ತೋರುತ್ತದೆ: ಎಲ್ಲರೂ ಇದ್ದಾರೆ, ಎಲ್ಲರೂ ಚೆನ್ನಾಗಿದ್ದಾರೆ, ಯಾರ ಮನಸ್ಸೂ ಕಾಣದು.

ಆಮೇಲೆ ಬಂದರು ಚಾರ್ಲ್ಸ್ ಬ್ರ್ಯಾಡ್ಲಿ. ಇವರು ಹೆವಿ ಮೆಟಲ್ ಲೋಕದವರೇ ಅಲ್ಲ. ಅಮೆರಿಕದ ಕರಿಯರ ಸೋಲ್ ಸಂಗೀತದವರು. ಬದುಕೆಲ್ಲ ಅಡಿಗೆ ಕೆಲಸ, ಕೂಲಿ ಕೆಲಸ ಮಾಡಿ, ರಾತ್ರಿ ಹೊತ್ತು ಜೇಮ್ಸ್ ಬ್ರೌನರ ವೇಷ ಹಾಕಿ ಅವರ ಹಾಡುಗಳನ್ನು ಅನುಕರಿಸುತ್ತ ಇದ್ದವರು. ಅವರ ಮೊದಲ ಆಲ್ಬಮ್ ಬಂದಾಗ, 2011ರಲ್ಲಿ, ವಯಸ್ಸು 62. ಅನುಕರಣದ ಕಷ್ಟಸುಖ ಅವರಿಗಿಂತ ಬಲ್ಲವರು ಯಾರು? ಅವರು ‘ಚೇಂಜಸ್’ ಹಾಡನ್ನು ಎತ್ತಿಕೊಂಡ ಸ್ವಲ್ಪ ಕಾಲದಲ್ಲೇ ಅವರ ತಾಯಿ ತೀರಿಕೊಂಡರು. ಮುಂದೆ ಅವರು ಅದನ್ನು ತಾಯಿಯನ್ನು ನೆನೆದು ಹಾಡಿದರು. 2016ರಲ್ಲಿ ಅವರ ಮೂರನೆಯ ಆಲ್ಬಮ್ಮಿಗೂ ಅದೇ ಹೆಸರು. ಕೇಳಿ ನೋಡಿ: ದನಿ ಒಡೆಯುತ್ತದೆ, ಸಾಲಿನ ಕಡೆಯಲ್ಲಿ ಉಸಿರು ಸಾಲದೆ ನಿಲ್ಲುತ್ತದೆ; ಆದರೂ ತಾಳ ತಪ್ಪುವುದಿಲ್ಲ. ಹೆಂಡತಿಯನ್ನು ಕಳೆದುಕೊಂಡವನ ಹಾಡು ತಾಯಿಯನ್ನು ಕಳೆದುಕೊಂಡವನ ಹಾಡಾಯಿತು. ಇದನ್ನು ಕೇಳಿದ ಮೇಲೆ 1972ರ ಮೂಲ ಒಂದು ಟಿಪ್ಪಣಿಯ ಹಾಗೆ, ಕರಡಿನ ಹಾಗೆ ಕಾಣಿಸುತ್ತದೆ. ಮರುವರ್ಷ, 2017ರಲ್ಲಿ, ಬ್ರ್ಯಾಡ್ಲಿಯವರೂ ತೀರಿಕೊಂಡರು.

ಟಿ-ಪೇನ್ ಎಂಬ ಗಾಯಕರ ‘ವಾರ್ ಪಿಗ್ಸ್’ ಇನ್ನೊಂದು ನಿದರ್ಶನ. ಯಂತ್ರದಿಂದ ದನಿಯನ್ನು ಮಾರ್ಪಡಿಸಿ ಹಾಡುವುದಕ್ಕೆ ಹೆಸರಾದವರು ಇವರು. 2023ರಲ್ಲಿ ಅನ್ಯರ ಹಾಡುಗಳ ಆಲ್ಬಮ್ ತಂದಾಗ ಯಂತ್ರವನ್ನು ಬದಿಗಿಟ್ಟು ಬರಿಗೊರಳಿನಲ್ಲಿ ಹಾಡಿದರು. ಕರಿಯರ ಇಗರ್ಜಿಯ ಹಾಡಿಕೆಯ ಛಾಯೆ ಅದರಲ್ಲಿದೆ. ಇದಕ್ಕಿಂತ ಒಳ್ಳೆಯ ‘ವಾರ್ ಪಿಗ್ಸ್’ ಯಾರೂ ಹಾಡಿಲ್ಲವೆಂದು ಆಜಿಯೇ ಬಹಿರಂಗವಾಗಿ ಕೊಂಡಾಡಿದರು. ಸ್ಯಾಬತ್ ತಂಡ ಮೊದಲು ಬ್ಲೂಸ್ ನುಡಿಸುತ್ತಿದ್ದ ತಂಡ. ಬ್ಲೂಸ್ ಅಮೆರಿಕದ ಕರಿಯರ ಸಂಗೀತ. ಸಾಲ ತಂದ ಪಾತ್ರೆ ಅರ್ಧ ಶತಮಾನದ ಮೇಲೆ ಒಡೆಯರ ಮನೆಗೆ ತುಂಬಿಕೊಂಡು ಹಿಂದಿರುಗಿತು. ಬಡವರ ಮಕ್ಕಳನ್ನು ಯುದ್ಧಕ್ಕೆ ಕಳಿಸುವ ಮಾತು ಆ ಕೊರಳಿನಲ್ಲಿ ಬಂದಾಗ ಅದಕ್ಕೆ ಬೇರೆ ತೂಕವಿದೆ. ಡಿಯೊ ಅವರಲ್ಲಿ ನಾನು ಕಾಣದೆ ಹೋದದ್ದನ್ನು ಇಲ್ಲಿ ಕಂಡೆ: ಶಕ್ತಿಯೂ ಇದೆ, ಅಧಿಕಾರವೂ ಇದೆ, ಆದರೆ ಆ ಅಧಿಕಾರ ಗಾಯಗೊಂಡವನದು.

ಹಾಗಾದರೆ ಹಾಡಿದವರೇ ತಮ್ಮ ಹಾಡನ್ನು ವರ್ಷಗಳ ಮೇಲೆ ವೇದಿಕೆಯಲ್ಲಿ ಹಾಡಿದಾಗ? ಅಲ್ಲಿ ಹೊಸದಾಗಿ ಸೇರುವುದು ಎರಡು: ಒಂದು ವಯಸ್ಸು, ಇನ್ನೊಂದು ಜನ. 1997ರ ಡಿಸೆಂಬರಿನಲ್ಲಿ ಹಳೆಯ ನಾಲ್ವರೂ ಬರ್ಮಿಂಗ್‌ಹ್ಯಾಮಿನಲ್ಲಿ ಮತ್ತೆ ಕೂಡಿ ಹಾಡಿದ ‘ಐರನ್ ಮ್ಯಾನ್’ಗೆ 2000ದಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. 1970ರ ಹಾಡಿಗೆ ಮೂವತ್ತು ವರ್ಷದ ಮೇಲೆ, ಅದೂ ಪಾಠಾಂತರಕ್ಕೆ! ತೀರ್ಪುಗಾರರಿಗೆ ತಡವಾಗಿ ಕಿವಿ ಬಂತೆಂದು ನಗಬಹುದು. ಆದರೆ ಜನ ಏನು ಮಾಡಬಲ್ಲರೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ತಂಡ ಹಾಡಿತು. ‘ಫಿಯರ್ ಆಫ್ ದಿ ಡಾರ್ಕ್’ 1992ರ ಆಲ್ಬಮ್ಮಿನಲ್ಲಿ ಒಳ್ಳೆಯ ಹಾಡು, ಅಷ್ಟೆ. ಮೈದಾನದಲ್ಲಿ ಗಿಟಾರು ಎತ್ತಿದ ಕೂಡಲೇ ಸಹಸ್ರಾರು ಜನ, ಮಾತಿಲ್ಲದ ಆ ಗಿಟಾರಿನ ಧಾಟಿಯನ್ನೇ ಗಂಟಲಿನಲ್ಲಿ ಹಾಡತೊಡಗಿದರು. ಕತ್ತಲಿಗೆ ಹೆದರುವ ಒಬ್ಬನ ಹಾಡನ್ನು ಕತ್ತಲಲ್ಲಿ ನಿಂತ ಅಷ್ಟು ಜನ ಒಟ್ಟಿಗೆ ಹಾಡಿದರು. ಪಕ್ಕದವನು ಯಾರೋ ನನಗೆ ತಿಳಿಯದು; ನನ್ನ ಹೆಗಲ ಮೇಲೆ ಕೈಯಿಟ್ಟಿದ್ದ. ಆ ಹಾಡಿನ ಮುದ್ರಿಕೆಯನ್ನು ಆಮೇಲೆ ನಾನು ಹೆಚ್ಚಾಗಿ ಕೇಳಿಲ್ಲ. ಅದರಲ್ಲಿ ಜನ ಇಲ್ಲ.

ಇದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು 2025ರ ಜುಲೈ 5ರ ಕಛೇರಿಯನ್ನು ನೋಡಬೇಕು. ಆಜಿ ಬೆಳೆದ ಆಸ್ಟನ್ ಕೇರಿಯಲ್ಲೇ ಇರುವ ವಿಲ್ಲಾ ಪಾರ್ಕ್ ಕ್ರೀಡಾಂಗಣ. ಮಧ್ಯಾಹ್ನದಿಂದ ಬೇರೆ ಬೇರೆ ತಂಡಗಳು ಬಂದು ಸ್ಯಾಬತ್ತಿನ ಹಾಡುಗಳನ್ನು ಹಾಡಿದವು. ಯಂಗ್‌ಬ್ಲಡ್ ಎಂಬ ಯುವಕ ‘ಚೇಂಜಸ್’ ಹಾಡಿ, ಎರಡೇ ದಿನದ ಹಿಂದೆ ಅಪಘಾತದಲ್ಲಿ ಮಡಿದ ಫುಟ್‌ಬಾಲ್ ಆಟಗಾರ ಡಿಯೊಗೊ ಜೋಟ ಅವರಿಗೆ ಅರ್ಪಿಸಿದ. ಆ ಹಾಡಿಗೆ ಇನ್ನೊಂದು ದುಃಖ ಸೇರಿತು, ಅದು ತಾಳಿಕೊಂಡಿತು. ಕಡೆಗೆ ಮೂಲ ನಾಲ್ವರೇ ಬಂದರು. ಪಾರ್ಕಿನ್ಸನ್ ರೋಗದಿಂದ ನಡೆಯಲಾರದ ಆಜಿ ಸಿಂಹಾಸನದಂಥ ಕಪ್ಪು ಆಸನದಲ್ಲಿ ಕುಳಿತೇ ಹಾಡಿದರು. ಸೈರನ್ ಮೊಳಗಿತು, ‘ವಾರ್ ಪಿಗ್ಸ್’ ಮೊದಲಾಯಿತು.

ಸಂಗೀತಶಾಸ್ತ್ರದ ಅಳತೆಗೋಲಿನಿಂದ ಅಳೆದರೆ ಅದು ದುರ್ಬಲವಾದ ಹಾಡಿಕೆ. ಸ್ವರ ನಿಲ್ಲುವುದಿಲ್ಲ, ಉಸಿರು ಸಾಲದು. ಆದರೆ ನಾನು ಮೊದಲಿಗೆ ಹೇಳಿದ ಆ ಖಾಲಿ ಜಾಗಗಳಲ್ಲಿ, ಗಿಟಾರು ಸುಮ್ಮನಾಗುವ ಆ ಕ್ಷಣಗಳಲ್ಲಿ, ಸುಮಾರು 40 ಸಾವಿರ ಜನ ಸಾಲುಗಳನ್ನು ಎತ್ತಿಕೊಂಡರು. ಗಿಲಿಸ್ ಕುಚ್ಚು ತೂಗುಹಾಕಿದ ಜಾಗ ಅದೇ. ಡಿಯೊ ಸಿಂಹಾಸನ ಹಾಕಿಕೊಂಡ ಜಾಗವೂ ಅದೇ. ಈ ದಿನ ಗಾಯಕ ನಿಜವಾದ ಸಿಂಹಾಸನದ ಮೇಲೆಯೇ ಕುಳಿತಿದ್ದ. ಆದರೆ ಹಾಡು ಮಾತ್ರ ನೆಲದ ಮೇಲೆ ನಿಂತವರದಾಗಿತ್ತು. ಹದಿನೇಳು ದಿನಗಳ ಮೇಲೆ ಆಜಿ ತೀರಿಕೊಂಡರು.

ವ್ಯಾಜ್ಯದ ತೀರ್ಮಾನಕ್ಕೆ ಬರೋಣ. ಒಳ್ಳೆಯ ಹಾಡು ತನ್ನೊಳಗೆ ಒಂದಷ್ಟು ಜಾಗ ಬಿಟ್ಟಿರುತ್ತದೆ. ಮುಂದೆ ಹಾಡುವವನನ್ನು ನಾನು ಕೇಳುವುದು, ಮೂಲಕ್ಕೆ ಎಷ್ಟು ಹತ್ತಿರ, ಎಷ್ಟು ದೂರ ಎಂದಲ್ಲ. ಆ ಜಾಗಕ್ಕೆ ನೀನು ಏನು ತಂದೆ ಎಂದು. ಬೆರಳಿನ ಚಾಕಚಕ್ಯವನ್ನೆ, ಒಪ್ಪಿಸುವ ಜಾಣತನವನ್ನೆ, ನಗುವನ್ನೆ, ನಿನ್ನ ತಾಯಿಯನ್ನೆ? ವ್ಯಾಸರ ಕಥೆಯನ್ನು ಪಂಪ ಮತ್ತೆ ಏಕೆ ಹೇಳಿದ ಎಂದು ಪ್ರತಿವರ್ಷವೂ ಯಾರಾದರೊಬ್ಬ ವಿದ್ಯಾರ್ಥಿ ಕೇಳುತ್ತಾನೆ. ಪಂಪ ತನ್ನ ಅರಿಕೇಸರಿಯನ್ನು ತಂದ, ತನ್ನ ಬನವಾಸಿಯನ್ನು ತಂದ ಎಂದು ಹೇಳುತ್ತ ಬಂದಿದ್ದೇನೆ. ಆ ಉತ್ತರದ ಅರ್ಥ ನನಗೆ ಸರಿಯಾಗಿ ಆದದ್ದು ಮಾತ್ರ ಈಚೆಗೆ.

ಈ ಅಳತೆಯಲ್ಲಿ ನನ್ನ ಕ್ಯಾಸೆಟ್ಟಿನ ‘ವಾರ್ ಪಿಗ್ಸ್’ ಮೊದಲ ಸಾಲಿನಲ್ಲಿ ಕೂರಲಾರದು. ಒಪ್ಪಿಕೊಳ್ಳಲು ಕಷ್ಟವಾಗುತ್ತದೆ; ಆದರೂ ಒಪ್ಪಿದ್ದೇನೆ. ಆದರೆ ಅದನ್ನು ಪ್ರಕ್ಷೇಪವೆಂದು ಕೈಬಿಡಲೂ ಆರೆ. ಆ ಹಾಡಿನ ಬಾಗಿಲು ನನಗೆ ತೆರೆದದ್ದು ಅದೇ.